ಗಿಟಾರಿನ ದನಿಗೆ ಎಷ್ಟು ವಾಟ್ ಬೇಕು?



ವ್ಯಾಕರಣ ಪಾಠ ಹೇಳುವ ಕನ್ನಡ ಮೇಷ್ಟರಿಗೂ ವಿದ್ಯುತ್ ಗಿಟಾರಿಗೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದಿದ್ದು ಪಂಡಿತ ಪರೀಕ್ಷೆಗೆ. ಷಟ್ಪದಿಯ ಮಾತ್ರೆ ಎಣಿಸಿ ಗೊತ್ತೇ ಹೊರತು ವಾಟ್ ಎಣಿಸಿ ಗೊತ್ತಿರಲಿಲ್ಲ. ಮನೆಯಲ್ಲಿ ಗಿಟಾರು ಹಿಡಿದ ಮಗನೊಬ್ಬನಿರುವುದರಿಂದ ಆ ಎಣಿಕೆಯನ್ನೂ ಕಲಿಯಬೇಕಾಯಿತು. ಕಲಿತದ್ದು ಪುಸ್ತಕದಿಂದಲ್ಲ, ಒಂದು ತಪ್ಪು ಮಾಡಿ, ಹಣ ಕಳೆದುಕೊಂಡು ಕಲಿತೆ. ಆ ತಪ್ಪು ತಮ್ಮ ಮನೆಯಲ್ಲಿ ನಡೆಯದಿರಲಿ ಎಂಬುದೇ ಈ ಹೊತ್ತಿನ ಮಾತಿನ ಉದ್ದೇಶ.

ಮೊದಲು ವಾದ್ಯದ ವಿಚಾರ. ವೀಣೆಗೆ ಕೊಡವುಂಟು, ತಂಬೂರಿಗೆ ಬುರುಡೆಯುಂಟು. ತಂತಿಯ ಸಣ್ಣ ಮಿಡಿತವನ್ನು ಅವು ತುಂಬಿದ ನಾದವಾಗಿ ಮಾಡಿಕೊಡುತ್ತವೆ. ವಿದ್ಯುತ್ ಗಿಟಾರಿನದು ಬಹುಮಟ್ಟಿಗೆ ಗಟ್ಟಿ ಮರದ ಹಲಗೆ. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಮಿಡಿದಾಗ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಬೆಳೆಸಿ ಸ್ಪೀಕರಿಗೆ ಮುಟ್ಟಿಸುವ ಪೆಟ್ಟಿಗೆಯೇ ಆಂಪ್ಲಿಫೈಯರು, ನಾವು ವರ್ಧಕವೆನ್ನೋಣ. ಗಿಟಾರಿನವನಿಗೆ ಇದು ಬರಿಯ ಉಪಕರಣವಲ್ಲ, ವಾದ್ಯದ ಅರ್ಧಾಂಗ. ಕೊಡವಿಲ್ಲದ ವೀಣೆಯನ್ನು ಯಾರು ನುಡಿಸುತ್ತಾರೆ?

ಈ ವರ್ಧಕಗಳಲ್ಲಿ ಹಳೆಯ ಕ್ರಮದ ವಾಲ್ವುಗಳಿರುವುವೇ ಇಂದಿಗೂ ಬಲ್ಲವರ ಮೆಚ್ಚಿಕೆಯವು. ವಾಲ್ವೆಂದರೆ ಏನೆಂದು ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕಾದ ಲೋಹ. ಅದರಿಂದ ಹೊರಟ ಎಲೆಕ್ಟ್ರಾನುಗಳು ಎದುರಿನ ತಗಡಿನತ್ತ ಹರಿಯುತ್ತವೆ. ನಡುವೆ ಒಂದು ಜಾಲರಿ. ಕೆರೆಯ ತೂಬಿನ ಬಳಿ ನಿಂತ ನೀರುಗಂಟಿ ಕೈಯನ್ನು ಒಂದಿಷ್ಟು ಆಡಿಸಿದರೆ ಕಾಲುವೆಯ ನೀರೆಲ್ಲ ಏರಿಳಿಯುವಂತೆ, ಜಾಲರಿಗೆ ತಾಗಿದ ಸಣ್ಣ ವಿದ್ಯುತ್ತು ದೊಡ್ಡ ಪ್ರವಾಹವನ್ನು ಆಳುತ್ತದೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಅಲ್ಲಿ ತಯಾರಾದವುಗಳಲ್ಲಿ ಇ.ಎಲ್. 84 ಎಂಬ ವಾಲ್ವೂ ಒಂದು. ಇಂಗ್ಲೆಂಡಿನ ವೋಕ್ಸ್ ಎಂಬ ಹೆಸರಾಂತ ಗಿಟಾರ್ ವರ್ಧಕಗಳಲ್ಲಿ, 15 ವಾಟಿನದರಲ್ಲಿ ಇದೇ ಜಾತಿಯ ಎರಡು ವಾಲ್ವುಗಳೂ 30 ವಾಟಿನದರಲ್ಲಿ ನಾಲ್ಕೂ ಇರುತ್ತವೆ. ತಮ್ಮ ಅಟ್ಟದ ಮೇಲೆ ಧೂಳು ಹಿಡಿದಿರುವ ರೇಡಿಯೋ ಈ ವರ್ಧಕಗಳಿಗೆ ದಾಯಾದಿಯೆಂದರೆ ತಪ್ಪಲ್ಲ.

ಇನ್ನು ನನ್ನ ತಪ್ಪಿನ ಕಥೆ. ನನ್ನ ಮಗ ಎರಡು ವರ್ಷ ಮಕ್ಕಳಿಗೆ ಮನೆಪಾಠ ಹೇಳಿ ಹಣ ಕೂಡಿಸಿದ. ಒಂದು ಪುಟ್ಟ ವಾಲ್ವ್ ವರ್ಧಕದ ಮೇಲೆ ಅವನಿಗೆ ಮನಸ್ಸು. ಅಂಗಡಿಗೆ ನಾನೂ ಹೋದೆ. ಅಲ್ಲಿ ಪಕ್ಕದಲ್ಲೇ 50 ವಾಟಿನದೊಂದು, ಯಾರೋ ಬಳಸಿ ಮಾರಿದ್ದು, ನಿಂತಿತ್ತು. ಬೆಳೆಯುವ ಹುಡುಗನಿಗೆ ಅಂಗಿ ಒಂದು ಬೆರಳು ದೊಡ್ಡದಾಗಿಯೇ ಹೊಲಿಸಬೇಕೆಂಬುದು ನಮ್ಮ ಮನೆತನದ ಲೆಕ್ಕ. ‘ಕೊಳ್ಳುವುದೇ ಆದರೆ ದೊಡ್ಡದನ್ನು ಕೊಳ್ಳು, ಸಾಲದ ಹಣವನ್ನು ನಾನು ಕೊಡುತ್ತೇನೆ’ ಎಂದೆ. ಅವನು ಎರಡು ಸಲ ಬೇಡವೆಂದ. ಮೂರನೆಯ ಸಲ ಸುಮ್ಮನಾದ. ತಂದೆಯ ಮಾತು, ನೋಡಿ. ಹೆಂಡತಿ ಅಂಚೆ ಕಚೇರಿಯಲ್ಲಿಟ್ಟಿದ್ದ ದುಡ್ಡೂ ಅದರೊಳಗೆ ಹೋಯಿತು.

ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ; ಅವನ ಕೋಣೆ ಹತ್ತಡಿಗೆ ಹನ್ನೆರಡಡಿ. ಗುಂಡಿಯನ್ನು ಒಂದರಲ್ಲಿಟ್ಟರೆ ದನಿ ಸೊಣಕಲು; ಎರಡಕ್ಕೆ ತಿರುಗಿಸಿದರೆ ಕಿಟಕಿಯ ಗಾಜು ಗಿರಗಿರ ಎನ್ನುತ್ತಿತ್ತು. ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಒಂದು ಸಂಜೆ ಅವರು ಮೆಟ್ಟಿಲ ಬಳಿ ನಿಂತು, ‘ಮಗಾ, ಗೂಡಿನ ಲೋಟಗಳು ನಡುಗುತ್ತವೆ, ನನ್ನ ಎದೆಯೂ ನಡುಗುತ್ತದೆ’ ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ಹುಡುಗ ವಾದ ಹೂಡುತ್ತಿದ್ದನೋ ಏನೋ. ಮರುದಿನದಿಂದ ಅವನು ವರ್ಧಕಕ್ಕೆ ತಂತಿ ಜೋಡಿಸದೆ ಬರಿಯ ಹಲಗೆಯನ್ನೇ ನುಡಿಸತೊಡಗಿದ. ತಿಂಗಳಲ್ಲಿ ಅದೂ ನಿಂತಿತು. ಗಿಟಾರು ಚೀಲ ಸೇರಿತು. ವರ್ಧಕದ ಮೇಲೆ ಇಸ್ತ್ರಿಯಾದ ಬಟ್ಟೆಗಳು ಬಂದು ಕುಳಿತವು. ಎಂಟು ತಿಂಗಳು ಮನೆಯಲ್ಲಿ ಒಂದು ಸ್ವರವಿಲ್ಲ.

ಆಗ ನಾನು ವಿಚಾರಿಸಲು ಹೊರಟೆ. ತಿಳಿದದ್ದು ಇಷ್ಟು. ವಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. ನಮ್ಮ ಕಿವಿಯ ಲೆಕ್ಕವೇ ಬೇರೆ. ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್; ಅದು ಕಿವಿಗೆ ‘ಸ್ವಲ್ಪ ಹೆಚ್ಚಿತು’ ಎನ್ನಿಸುವಷ್ಟು ಮಾತ್ರ. ಸದ್ದು ಎರಡರಷ್ಟಾಯಿತೆಂದು ತೋರಬೇಕಾದರೆ 10 ಡೆಸಿಬೆಲ್ ಏರಬೇಕು. ಅದಕ್ಕೆ ಶಕ್ತಿ ಹತ್ತು ಪಟ್ಟಾಗಬೇಕು. ಎಂದರೆ 5 ವಾಟಿಗೂ 50 ವಾಟಿಗೂ ಕಿವಿಯ ಅಂತರ ಸುಮಾರು ಒಂದಕ್ಕೆ ಎರಡು. ಬೆಲೆ, ತೂಕಗಳ ಅಂತರವೋ ಬೇರೆಯ ಮಾತು.

ಎರಡು ಪ್ರಸಿದ್ಧ ಪೆಟ್ಟಿಗೆಗಳನ್ನು ಎದುರುಬದುರಿಟ್ಟು ನೋಡೋಣ. ಎರಡೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಸ್ಥಾಪಿಸಿದ ಕಾರ್ಖಾನೆಯ ಕೂಸುಗಳು. ಒಂದರ ಹೆಸರು ಚಾಂಪ್. 1950ರ ದಶಕದ ಕೊನೆಯ ಚಾಂಪಿನಲ್ಲಿ ಒಟ್ಟು ಮೂರೇ ವಾಲ್ವು, ಎಂಟು ಅಂಗುಲದ ಒಂದು ಸ್ಪೀಕರು, ಸುಮಾರು 5 ವಾಟ್ ಶಕ್ತಿ. ಒಂದೇ ಕೈಯಲ್ಲಿ ಎತ್ತಿಕೊಂಡು ಬಸ್ಸು ಹತ್ತಬಹುದು. ಇನ್ನೊಂದು 1963ರಲ್ಲಿ ಬಂದ ಟ್ವಿನ್ ರಿವರ್ಬ್. ಹತ್ತು ವಾಲ್ವು, ಹನ್ನೆರಡು ಅಂಗುಲದ ಎರಡು ಸ್ಪೀಕರು, 85 ವಾಟ್. ತೂಕ ಸುಮಾರು 29 ಕಿಲೋ. ಅಕ್ಕಿಯ ಮೂಟೆಯನ್ನು ಹೊತ್ತವರಿಗೆ ಅದರ ಅರ್ಥ ತಿಳಿಯುತ್ತದೆ. ವಾಟಿನ ಲೆಕ್ಕದಲ್ಲಿ ಇದು ಅದರ ಹದಿನೇಳು ಪಟ್ಟು. ಕಿವಿಯ ಲೆಕ್ಕದಲ್ಲಿ 12 ಡೆಸಿಬೆಲ್, ಎಂದರೆ ಎರಡೂಕಾಲು ಪಟ್ಟಿನ ಆಸುಪಾಸು. ದೊಡ್ಡ ಸ್ಪೀಕರುಗಳು ಇದ್ದ ಶಕ್ತಿಯನ್ನು ಚೆನ್ನಾಗಿ ಬಳಸುವುದರಿಂದ ಅಂತರ ಇನ್ನೂ ಕೊಂಚ ಹಿಗ್ಗುತ್ತದೆ. ಆದರೆ ಹದಿನೇಳರ ಹತ್ತಿರಕ್ಕೂ ಸುಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. ವಾಲ್ವನ್ನು ಅದರ ಮಿತಿಯ ತನಕ ದುಡಿಸಿದಾಗ ಸ್ವರದ ತುದಿ ಮೆಲ್ಲನೆ ಚಪ್ಪಟೆಯಾಗುತ್ತದೆ. ಮೂಲಸ್ವರದೊಡನೆ ಹೊಸ ಉಪಸ್ವರಗಳು ಕೂಡಿಕೊಳ್ಳುತ್ತವೆ. ತಾರಸ್ಥಾಯಿಯಲ್ಲಿ ಮೈಮರೆತು ಹಾಡುವವನ ಕಂಠದಲ್ಲಿ ಒಂದು ಬಿರುಕು, ಒಂದು ಬಿಸಿ ಕಾಣುವುದಿಲ್ಲವೆ? ಅಂಥದೇ. ರೇಡಿಯೋದಲ್ಲಿ ಇದು ದೋಷ. ಗಿಟಾರಿನಲ್ಲಿ ಇದೇ ಭೂಷಣ. ಚಿಕ್ಕ ವರ್ಧಕ ಈ ಹದಕ್ಕೆ ಬೇಗ ಬರುತ್ತದೆ. ದೊಡ್ಡದು ಅಲ್ಲಿಗೆ ಬರುವ ಹೊತ್ತಿಗೆ ಕೋಣೆಯಲ್ಲಿ ಮನುಷ್ಯರು ನಿಲ್ಲಲಾರರು. ನನ್ನ ಮಗನ 50 ವಾಟಿನ ಪೆಟ್ಟಿಗೆ ಸೊಣಕಲಾಗಿ ಕೇಳಿಸಿದ್ದಕ್ಕೆ ಒಂದು ಕಾರಣ ಇದೇ: ಅದು ಇಡೀ ಎಂಟು ತಿಂಗಳು ಒಮ್ಮೆಯೂ ಬಾಯಿ ತುಂಬ ಮಾತಾಡಿರಲಿಲ್ಲ. 1970ರಲ್ಲಿ ಮಯಾಮಿ ನಗರದ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಎರಿಕ್ ಕ್ಲಾಪ್ಟನ್ ‘ಲೈಲಾ’ ಗೀತೆಯನ್ನು ಧ್ವನಿಮುದ್ರಿಸಿದಾಗ ಬಳಸಿದ್ದು ಈ ಪುಟ್ಟ ಚಾಂಪನ್ನು. ಕೇಳಿದವರಿಗೆ ಅದು ಬೆಟ್ಟದಂಥ ದನಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು.

ಹಾಗಾದರೆ ದೊಡ್ಡವು ಹುಟ್ಟಿದ್ದೇಕೆ? ಪೂರ್ವಪಕ್ಷವನ್ನೂ ಹೇಳದೆ ಸಿದ್ಧಾಂತ ಹೇಳಬಾರದು. 1960ರ ದಶಕದಲ್ಲಿ ಸಭೆಗಳು ದೊಡ್ಡವಾದವು; ಸಭಾಂಗಣದ ಧ್ವನಿವ್ಯವಸ್ಥೆ ಮಾತ್ರ ದುರ್ಬಲವಾಗಿತ್ತು. ಗಿಟಾರಿನ ಸದ್ದನ್ನು ಕೊನೆಯ ಸಾಲಿಗೆ ಮುಟ್ಟಿಸುವ ಹೊರೆ ವರ್ಧಕದ ಮೇಲೆಯೇ ಬಿತ್ತು. ಲಂಡನ್ನಿನ ಜಿಮ್ ಮಾರ್ಷಲ್, 'ದಿ ಹೂ' ತಂಡದ ಪೀಟ್ ಟೌನ್‌ಸೆಂಡ್ ಕೇಳಿದರೆಂದು 1965ರಲ್ಲಿ 100 ವಾಟಿನದನ್ನು ಮಾಡಿಕೊಟ್ಟರು. ಅದೇ ವರ್ಷ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ ನುಡಿಸಿತು. ಅವರಲ್ಲೂ ವೋಕ್ಸಿನ 100 ವಾಟಿನ ವರ್ಧಕಗಳಿದ್ದವು. ಆದರೆ ಸೇರಿದ್ದವರು 55,000ಕ್ಕೂ ಮಿಗಿಲು. ಅವರ ಕೂಗಿನಲ್ಲಿ ನುಡಿಸಿದವರಿಗೇ ತಮ್ಮ ನಾದ ಕೇಳಿಸದಾಯಿತು. ಇಂದು ಆ ಸ್ಥಿತಿಯಿಲ್ಲ. ಚಿಕ್ಕ ವರ್ಧಕದ ಮುಂದೆ ಒಂದು ಮೈಕನ್ನು ಹಿಡಿದರೆ, ಮಿಕ್ಕ ಕೆಲಸವನ್ನು ಸಭಾಂಗಣದ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ.

ಆದರೂ ದೊಡ್ಡದಕ್ಕೆ ಅದರದೇ ಸ್ಥಾನವಿದೆ. ಬಿರುಕಿಲ್ಲದ, ತಿಳಿನೀರಿನಂಥ ನಾದವೇ ಬೇಕು, ಅದೂ ಡ್ರಮ್ಮಿನ ಎದುರಿಗೆ ಬೇಕು ಎನ್ನುವವರಿಗೆ ಚಿಕ್ಕದು ಸಾಲದು. ತಂತಿಯನ್ನು ಮೀಟಿದ ಕ್ಷಣದಲ್ಲಿ ಸ್ವರ ಒಮ್ಮೆಗೇ ಚಿಮ್ಮುತ್ತದೆ. ಆ ಚಿಮ್ಮು ಮುರಿಯದಂತೆ ತಡೆದುಕೊಳ್ಳಲು ಶಕ್ತಿಯ ಮೀಸಲು ಬೇಕು. ಟ್ವಿನ್ ರಿವರ್ಬಿನ ಕೀರ್ತಿ ನಿಂತಿರುವುದು ಈ ತಿಳಿನಾದದ ಮೇಲೆಯೇ. ತಂಡ ಕಟ್ಟಿ, ಡ್ರಮ್ಮಿನವನ ಜೊತೆ ಚಿಕ್ಕಪುಟ್ಟ ಸಭೆಗಳಲ್ಲಿ ನುಡಿಸುವವನಿಗೆ 15ರಿಂದ 20 ವಾಟ್ ನಡುದಾರಿ. ಅಲ್ಲಿಂದ 30ಕ್ಕೆ ಹೋದರೆ ಸಿಗುವುದು ಎರಡು ಮೂರು ಡೆಸಿಬೆಲ್ ಮಾತ್ರವೆಂಬುದು ನೆನಪಿರಲಿ.

ನಮ್ಮ ವ್ಯಾಕರಣದಲ್ಲಿ ಹ್ರಸ್ವ, ದೀರ್ಘ, ಪ್ಲುತ ಎಂದು ಸ್ವರಕ್ಕೆ ಮೂರು ಪ್ರಮಾಣ. ಪ್ಲುತವನ್ನು ದೂರದಲ್ಲಿರುವವರನ್ನು ಕರೆಯಲು ಬಳಸುತ್ತೇವೆ. ಪಕ್ಕದ ಮಣೆಯಲ್ಲಿ ಕುಳಿತವನನ್ನು ಯಾರೂ ‘ರಾಮಾಽಽ’ ಎಂದು ಕೂಗುವುದಿಲ್ಲ. ಓಲಗ ಮೆರವಣಿಗೆಗೆ, ವೀಣೆ ನಡುಮನೆಗೆ ಎಂದು ನಮ್ಮ ಹಿರಿಯರು ವಾದ್ಯಗಳಿಗೂ ಜಾಗ ಗೊತ್ತುಮಾಡಿದ್ದರು. ಇಷ್ಟು ವರ್ಷ ಮಕ್ಕಳಿಗೆ ಇದನ್ನು ಪಾಠ ಹೇಳಿದವನು ಅಂಗಡಿಯಲ್ಲಿ ಮಾತ್ರ ಮರೆತೆ. ಯಾರಿಗೆ ಕೇಳಿಸಬೇಕು, ಎಷ್ಟು ದೂರಕ್ಕೆ ಕೇಳಿಸಬೇಕು ಎಂಬುದನ್ನು ಮೊದಲು ಕೇಳಿಕೊಂಡು, ಆಮೇಲೆ ವಾಟ್ ಕೇಳಬೇಕು.

ಚಿಕ್ಕದೆಂದು ಉದಾಸೀನವೂ ಸಲ್ಲದು. 5 ವಾಟಿನ ಪೆಟ್ಟಿಗೆ ಪೂರ್ತಿ ದನಿಯೆತ್ತಿದರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಆಸುಪಾಸಿಗೆ ಏರಬಲ್ಲುದು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಕಾಲ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ. ಕಿವಿ ಕೆಟ್ಟರೆ ವಾಲ್ವಿನಂತೆ ಬದಲಾಯಿಸಿ ಹಾಕುವಂತಿಲ್ಲ. ಪೀಟ್ ಟೌನ್‌ಸೆಂಡರೇ ತಮ್ಮ ಕಿವಿಯ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಒತ್ತೊತ್ತಾದ ಮನೆಗಳಲ್ಲಿರುವವರು ಶಕ್ತಿಯನ್ನು ಒಂದು ವಾಟಿಗೋ ಅದಕ್ಕೂ ಕೆಳಗೋ ಇಳಿಸುವ ಗುಂಡಿಯುಳ್ಳದ್ದನ್ನು ಹುಡುಕುವುದು ಲೇಸು.

ಕೊಳ್ಳುವವರಿಗೆ ಇನ್ನು ಮೂರು ಎಚ್ಚರಿಕೆಗಳು. ಅಮೆರಿಕಕ್ಕೆಂದು ಮಾಡಿದ ವರ್ಧಕ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಸ್ಪೀಕರು ಜೋಡಿಸದೆ ವಾಲ್ವ್ ವರ್ಧಕವನ್ನು ಎಂದೂ ನುಡಿಸಬಾರದು. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಕೆಡುತ್ತದೆ. ಒಳಗೆ ಮುನ್ನೂರು ನಾನೂರು ವೋಲ್ಟ್ ಓಡಾಡುತ್ತದೆ. ಗುಂಡಿ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಅಡಗಿ ಕೂತಿರಬಹುದು. ಆದ್ದರಿಂದ ಕೆಲಸ ಬಲ್ಲವರ ಹೊರತು ಬೇರೆ ಯಾರೂ ಪೆಟ್ಟಿಗೆ ಬಿಚ್ಚಬಾರದು.

ನಮ್ಮ ದೊಡ್ಡ ವರ್ಧಕವನ್ನು ನಷ್ಟಕ್ಕೆ ಮಾರಿ ಮೂರು ವಾಲ್ವಿನ ಪುಟ್ಟದೊಂದನ್ನು ತಂದೆವು. ಈಗ ಸಂಜೆ ಆರರಿಂದ ಏಳರವರೆಗೆ ಮಗ ನುಡಿಸುತ್ತಾನೆ; ಆ ವೇಳೆಯನ್ನು ಕೆಳಗಿನ ಮನೆಯ ಅಜ್ಜಿಯನ್ನು ಕೇಳಿಯೇ ಗೊತ್ತುಮಾಡಿದ್ದು. ಹೋದ ಹಣ ಹೋಯಿತು. ಅದಕ್ಕೆ ಅಷ್ಟು ವ್ಯಥೆಯಿಲ್ಲ. ಕಲಿಯುವ ವಯಸ್ಸಿನ ಎಂಟು ತಿಂಗಳು ಹೋಯಿತಲ್ಲ, ಅದನ್ನು ಯಾವ ಅಂಗಡಿಯವನೂ ಹಿಂದಕ್ಕೆ ಕೊಡಲಾರ. ತನಗೇನು ಬೇಕೆಂಬುದು ಅವನಿಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದಿದ್ದವನು ನಾನು. ಹಾಗೆಂದು ಅವನೆದುರು ಹೇಳಲು ಇದುವರೆಗೆ ನಾಲಗೆ ಏಳಲಿಲ್ಲ. ಇಂದು ರೇಡಿಯೋದ ಮರೆಯಲ್ಲಿ ನಿಂತು ಹೇಳಿಬಿಟ್ಟಿದ್ದೇನೆ. ಅವನೂ ಕೇಳಲಿ.