ಸಣ್ಣ ವಿಮಾನದೊಳಗಿನ ಕೋವಿ



ಅಲಾಸ್ಕದ ಎಷ್ಟೋ ಊರುಗಳಿಗೆ ರಸ್ತೆಯೇ ಇಲ್ಲ. ದಿನಸಿ, ಟಪಾಲು, ರೋಗಿಗಳು, ಎಲ್ಲರಿಗೂ ಎಲ್ಲದಕ್ಕೂ ಸಣ್ಣ ವಿಮಾನವೇ ಗತಿ. ಅದು ಕಾಡಿನಲ್ಲಿ ಬಿದ್ದರೆ ಬದುಕುಳಿಯಲು ಏನೇನು ಜೊತೆಗಿರಬೇಕೆಂದು ಅಲ್ಲಿನ ಕಾನೂನೇ ಪಟ್ಟಿ ಮಾಡಿದೆ: ಕೊಡಲಿ, ಗಾಳ, ಬೆಂಕಿ ಹೊತ್ತಿಸುವ ಸಾಮಾನು, ಸೊಳ್ಳೆಪರದೆ. ಹಿಂದೆ ಆ ಪಟ್ಟಿಯಲ್ಲಿ ಒಂದು ಕೋವಿಯೂ ಇತ್ತು, ಈಗ ಇಲ್ಲ. ವೈಮಾನಿಕನ ಕೋವಿ ನಡೆದು ಬಂದ ದಾರಿಯೇ ಇಂದಿನ ಮಾತು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ ಉತ್ತರ ಆಫ್ರಿಕಾದ ತನ್ನ ವೈಮಾನಿಕರಿಗೆ ಸೌವರ್ ಕಂಪನಿಯ ಮೂರು ನಳಿಗೆಯ ಕೋವಿ ಕೊಟ್ಟಿತು. ಎರಡು ನಳಿಗೆ ಚರೆಗೆ, ಒಂದು ಗುಂಡಿಗೆ. ಸೊಗಸಾದ ಬೇಟೆ ಕೋವಿ, ಆದರೆ ಭಾರ.

ಯುದ್ಧ ಮುಗಿದ ಮೇಲೆ ಅಮೆರಿಕ ಹಿಡಿದದ್ದು ಹಗುರದ ದಾರಿ. ಅದರ ವಾಯುಪಡೆಯ ಎಂ-6 ನಡುವೆ ಮಡಚಿಕೊಳ್ಳುತ್ತಿತ್ತು. ತೂಕ ಸುಮಾರು 2 ಕಿಲೋ. ಮೇಲಿನ ನಳಿಗೆಗೆ ಸಣ್ಣ ಗುಂಡು, ಕೆಳಗಿನದಕ್ಕೆ ಚರೆ ತೋಟಾ. ಮಾಮೂಲಿ ಟ್ರಿಗರ್ ಬದಲು ಕೈಯಿಂದ ಅದುಮುವ ಪಟ್ಟಿ ಇತ್ತು, ಚಳಿಗೆ ದಪ್ಪ ಕೈಗವಸು ತೊಟ್ಟವನೂ ಗುಂಡು ಹಾರಿಸಲೆಂದು. 1959ರಲ್ಲಿ ಆರ್ಮಲೈಟ್ ಕಂಪನಿ ಎಆರ್-7 ತಂದಿತು. ಅದರ ನಳಿಗೆ, ಯಂತ್ರಭಾಗಗಳೆಲ್ಲ ಬಿಚ್ಚಿ ಭುಜಕ್ಕಾನಿಸುವ ಟೊಳ್ಳು ಹಿಂಬದಿಯಲ್ಲೇ ಅಡಗುತ್ತಿದ್ದವು. ನೀರಿಗೆ ಬಿದ್ದರೂ ಮುಳುಗುತ್ತಿರಲಿಲ್ಲ.

ಅಮೆರಿಕದ ಈ ಹಗುರ ಕೋವಿಗಳು ಮೊಲ, ಹಕ್ಕಿ ಹೊಡೆದು ತಿನ್ನುವುದಕ್ಕೆ. ಕರಡಿಯ ಮುಂದೆ ನಡೆಯುವ ಆಯುಧಗಳಲ್ಲ. 1965ರ ಮಾರ್ಚ್ 19ರಂದು ಸೋವಿಯತ್ ಗಗನಯಾತ್ರಿಗಳಾದ ಲಿಯೊನೊವ್ ಮತ್ತು ಬೆಲ್ಯಾಯೆವ್ ಗುರಿ ತಪ್ಪಿ ಉರಲ್ ಸೀಮೆಯ ಹಿಮಗಾಡಿನಲ್ಲಿಳಿದು ಎರಡು ರಾತ್ರಿ ಕಳೆದರು. ಸುತ್ತ ತೋಳ, ಕರಡಿಗಳ ಕಾಡು. ಆ ಅನುಭವದಿಂದ ಮುಂದೆ ರೂಪುಗೊಂಡ ಮೂರು ನಳಿಗೆಯ ಟಿಪಿ-82 ಪಿಸ್ತೂಲು 1986ರಿಂದ ಬಾಹ್ಯಾಕಾಶಕ್ಕೂ ಹೋಯಿತು.

ಕೋವಿಯ ಮಹತ್ವ ತಗ್ಗಿಸಿದ್ದು ಮಾತ್ರ ರೇಡಿಯೋ. 1972ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ ಅಲಾಸ್ಕದಲ್ಲಿ ಕಣ್ಮರೆಯಾಯಿತು. 39 ದಿನ ಹುಡುಕಿದರೂ ಕುರುಹು ಸಿಗಲಿಲ್ಲ. ಅದೇ ದಶಕದಲ್ಲಿ ಅಲ್ಲಿನ ಸಣ್ಣ ವಿಮಾನಗಳಿಗೆ ರೇಡಿಯೋದಲ್ಲಿ ಅಪಾಯಸಂಕೇತ ಕಳಿಸುವ ಬೀಕನ್ ಕಡ್ಡಾಯವಾಯಿತು. 1982ರ ಸೆಪ್ಟೆಂಬರಿನಲ್ಲಿ ಕೆನಡಾದಲ್ಲಿ ಬಿದ್ದ ವಿಮಾನವೊಂದರ ಸಂಕೇತವನ್ನು ಉಪಗ್ರಹ ಹಿಡಿದುಕೊಟ್ಟು, ಮೂವರು ಬದುಕಿದರು.

ಉಪವಾಸವಿದ್ದು ವಾರಗಟ್ಟಲೆ ಬದುಕಬಹುದು. ಚಳಿಗೆ ಒಂದು ರಾತ್ರಿ ಸಾಕು. ಹಾಗಾಗಿ ಮೊದಲು ಬೀಕನ್, ಆಮೇಲೆ ಬೆಂಕಿ ಮತ್ತು ಹೊದಿಕೆ, ಕೋವಿ ಅದರ ನಂತರ. ಕರಡಿಯ ನಾಡಾದರೆ ಕರಡಿಯನ್ನು ತಡೆಯಬಲ್ಲ ಕೋವಿಯೇ ಬೇಕು, ಅದನ್ನು ಬಳಸುವ ಅಭ್ಯಾಸವೂ ಬೇಕು. ಬಿದ್ದ ವಿಮಾನ ಉರಿಯಬಹುದು, ಮುಳುಗಬಹುದು. ಆದ್ದರಿಂದ ಬೆಂಕಿಪೊಟ್ಟಣ, ಚಾಕು, ಚಿಕ್ಕ ಬೀಕನ್ ಸೀಟಿನ ಹಿಂದಲ್ಲ, ಹಾರುವವನ ಜೇಬಿನಲ್ಲಿರಬೇಕು.