ತಾಯಿಯ ಸಹಿಗೂ ಬೆಲೆಯಿದೆ



ಹತ್ತು ವರ್ಷದ ಹುಡುಗನಿಗೆ ನಡುರಾತ್ರಿ ಹೊಟ್ಟೆನೋವು ಉಲ್ಬಣಿಸಿತೆಂದು ಭಾವಿಸಿ. ಅಪೆಂಡಿಕ್ಸ್ ಒಡೆಯುವ ಮೊದಲು ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳುತ್ತಾರೆ. ಕೊಲ್ಲಿ ರಾಷ್ಟ್ರದಲ್ಲಿರುವ ತಂದೆ ಫೋನ್ ಎತ್ತುತ್ತಿಲ್ಲ. "ಅವರನ್ನು ಕೇಳದೆ ಹೇಗೆ ಸಹಿ ಹಾಕಲಿ?" ಎಂದು ತಾಯಿ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದಾಳೆ. ನಮ್ಮ ಮನೆಗಳಿಗೆ ಇದು ಅಪರಿಚಿತ ದೃಶ್ಯವೇನಲ್ಲ.

ಕಾನೂನು ಅಷ್ಟು ನಿಷ್ಠುರವಾಗಿಲ್ಲ. ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಸದುದ್ದೇಶದಿಂದ ಮಾಡುವ ಕಾರ್ಯಕ್ಕೆ ಪೋಷಕರು ಅಥವಾ ಮಗುವಿನ ಕಾನೂನುಬದ್ಧ ಹೊಣೆ ಹೊತ್ತ ಇತರರು ಸಮ್ಮತಿ ನೀಡಬಹುದೆಂದು 1860ರ ದಂಡ ಸಂಹಿತೆಯ 89ನೇ ಕಲಮು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ತಂದೆಯೇ ಆಗಬೇಕೆಂದು ಅಲ್ಲೆಲ್ಲೂ ಇಲ್ಲ. ನಮ್ಮ ವೈಯಕ್ತಿಕ ಕಾನೂನಿನಲ್ಲಿ ತಂದೆ ಸ್ವಾಭಾವಿಕ ಪೋಷಕ, ನಿಜ. ಮಗುವಿನ ಆಸ್ತಿ ಮಾರುವಾಗ ಆ ನಿಯಮಕ್ಕೆ ಬಹಳ ತೂಕವಿದೆ. ಆದರೆ ಮಗುವನ್ನು ಮಡಿಲಲ್ಲಿಟ್ಟು ಸಾಕುತ್ತಿರುವ ತಾಯಿ ಹೊಣೆ ಹೊತ್ತವಳಲ್ಲದೆ ಮತ್ತೇನು?

ಯಾರೂ ಜೊತೆಗಿಲ್ಲದಿದ್ದರೆ? ಅದಕ್ಕೂ ದಾರಿಯಿದೆ. ಅಪಘಾತಕ್ಕೀಡಾದ ಮಗುವಿಗೆ ತಕ್ಷಣ ಶಸ್ತ್ರಚಿಕಿತ್ಸೆ ಮಾಡದಿದ್ದರೆ ಪ್ರಾಣಾಪಾಯ. ಪೋಷಕರನ್ನು ಕೇಳಲು ಸಮಯವಿಲ್ಲ. ಮಗು ಬೇಡವೆಂದು ಅಂಗಲಾಚುತ್ತಿದ್ದರೂ ವೈದ್ಯ ಶಸ್ತ್ರಚಿಕಿತ್ಸೆ ಮಾಡಿದರೆ ಅಪರಾಧವಲ್ಲ ಎಂಬ ಉದಾಹರಣೆಯನ್ನು ಹಳೆಯ ಸಂಹಿತೆಯ 92ನೇ ಕಲಮಿನಲ್ಲಿಯೇ ಕೊಡಲಾಗಿತ್ತು. ಈಗ ಅದು 30ನೇ ಕಲಮು. ಗಾಯಾಳುವಿನ ಪ್ರಾಣ ಉಳಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಮ್ ಕೋರ್ಟು 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸಾರಿದೆ.

ಗೊಂದಲವಿರುವುದು ಹನ್ನೆರಡರಿಂದ ಹದಿನೆಂಟರ ನಡುವೆ. ದಂಡ ಸಂಹಿತೆ ಹನ್ನೆರಡರ ಗಡಿ ಹಾಕಿದರೆ, ಕರಾರು ಮಾಡುವ ಅರ್ಹತೆಗೆ ಹದಿನೆಂಟು ತುಂಬಬೇಕು. ಆದುದರಿಂದ ಆಸ್ಪತ್ರೆಗಳು ಮುನ್ನೆಚ್ಚರಿಕೆಯಿಂದ ಪೋಷಕರ ಸಹಿಯನ್ನೇ ಕೇಳುತ್ತವೆ, ಅದು ತಪ್ಪಲ್ಲ. ಆದರೆ ಹದಿನಾರರ ಹುಡುಗಿಯ ಶರೀರದ ಬಗ್ಗೆ ಅವಳೆದುರೇ ಚರ್ಚಿಸಿ, ಅವಳನ್ನೊಂದು ಮಾತೂ ಕೇಳದಿರುವುದು ಯಾವ ನ್ಯಾಯ? ಹದಿನೆಂಟು ತುಂಬಿದ ಮೇಲಂತೂ ನಮ್ಮ ಸಹಿ ಅವಳ ಸಹಿಯ ಸ್ಥಾನದಲ್ಲಿ ನಿಲ್ಲದು. ಅರಿವಳಿಕೆಯಲ್ಲಿದ್ದ ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯನ್ನು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಮಾನ್ಯ ಮಾಡಲಿಲ್ಲ.

ವಿದೇಶಕ್ಕೆ ಹೊರಡುವ ತಂದೆಯಂದಿರಲ್ಲಿ ನನ್ನದೊಂದು ವಿನಂತಿ. ಮನೆಯ ಸಾಲ, ಬಾಡಿಗೆಗಳ ಲೆಕ್ಕ ಒಪ್ಪಿಸುವ ದಿನವೇ, "ಮಕ್ಕಳ ಚಿಕಿತ್ಸೆಗೆ ನನಗಾಗಿ ಕಾಯಬೇಡ, ವೈದ್ಯರನ್ನು ಕೇಳಿ ತಿಳಿದು ನೀನೇ ಸಹಿ ಹಾಕು" ಎಂದು ಪತ್ನಿಗೆ, ಮನೆಯ ಹಿರಿಯರ ಎದುರಿನಲ್ಲಿಯೇ, ಹೇಳಿಹೋಗಿ.