ನಮ್ಮೂರಿನ ಮಕ್ಕಳ ಕೆಲಸ ಲೋಕಕ್ಕೆ ಕಾಣಲಿ



ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿತು. ಇಂದು ಅಲ್ಲಿನ, ವೈಟ್‌ಫೀಲ್ಡಿನ, ಪೀಣ್ಯದ ಸುತ್ತಲಿನ ಊರುಗಳಲ್ಲಿ ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದ ಯುವಜನರಿದ್ದಾರೆ. ಕೆಲಸ ಕೇಳಲು ಹೊರಟಾಗ ಅವರ ಕೈಯಲ್ಲಿರುವುದು ಅಂಕಪಟ್ಟಿ ಮತ್ತು ಎರಡು ಪುಟಗಳ ಬಯೋಡೇಟಾ. ಅಂಕಪಟ್ಟಿಯು ಓದಿದ್ದನ್ನು ಹೇಳುತ್ತದೆ, ಮಾಡಬಲ್ಲದ್ದನ್ನು ತೋರಿಸುವುದಿಲ್ಲ. ಭೂಮಿಯನ್ನು ಬಿಟ್ಟುಕೊಟ್ಟ ಊರುಗಳ ಮಕ್ಕಳು ಗೇಟಿನ ಹೊರಗೇ ಉಳಿಯಬಾರದೆಂದಾದರೆ, ಅವರ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಸ್ವಂತ ಜಾಲತಾಣ ಅದಕ್ಕೊಂದು ದಾರಿ.

ಇದಕ್ಕೆ ಹಣ ಬೇಕಿಲ್ಲ. ಗಿಟ್‌ಹಬ್ ಎಂಬ ತಾಣದಲ್ಲಿ 13 ವರ್ಷ ತುಂಬಿದ ಯಾರೂ ಉಚಿತ ಖಾತೆ ತೆರೆಯಬಹುದು. ಅಲ್ಲಿ ಒಂದು ಸಾರ್ವಜನಿಕ ಕಡತಕೋಶವನ್ನು ರಚಿಸಿ, ‘ಇಂಡೆಕ್ಸ್’ ಎಂಬ ಹೆಸರಿನ ಎಚ್‌ಟಿಎಂಎಲ್ ಪುಟವನ್ನು ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಪೇಜಸ್’ ಸೌಲಭ್ಯವನ್ನು ಆರಿಸಿದರೆ, ಕೆಲವೇ ನಿಮಿಷಗಳಲ್ಲಿ ಅವರದೇ ವಿಳಾಸದಲ್ಲಿ ಪುಟ ತೆರೆದುಕೊಳ್ಳುತ್ತದೆ. ಲೇತ್ ಕೆಲಸಗಾರ ತಾನು ಕಡೆದ ಬಿಡಿಭಾಗದ ಚಿತ್ರವನ್ನೂ, ವಿದ್ಯಾರ್ಥಿನಿ ತಾನು ಬರೆದ ಪ್ರೋಗ್ರಾಮನ್ನೂ ಅಲ್ಲಿ ಇಡಬಹುದು. ಚಿತ್ರ ಕಾರ್ಖಾನೆಯಲ್ಲಿ ತೆಗೆದದ್ದಾದರೆ ಮಾಲೀಕರ ಒಪ್ಪಿಗೆ ಪಡೆದಿರಬೇಕು. ಕನ್ನಡದ ಬರಹ ಯೂನಿಕೋಡ್‌ನಲ್ಲಿಯೇ ಇರಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ್ದು ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ಈ ವ್ಯವಸ್ಥೆಯ ತಳಹದಿ ‘ಗಿಟ್’ ಎಂಬ ತಂತ್ರಾಂಶ. ಲಿನಕ್ಸ್ ತಿರುಳಿನ ಮೇಲೆ ದೇಶದೇಶಗಳ ಜನ ಒಟ್ಟಾಗಿ ದುಡಿಯುತ್ತಿದ್ದಾಗ, ಯಾರು ಏನನ್ನು ಬದಲಿಸಿದರೆಂಬ ಲೆಕ್ಕವಿಡಲು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ರೂಪಿಸಿದರು. ಇದರ ರೀತಿ ನಮಗೆ ಹೊಸತಲ್ಲ. ಸಭಾ ನಡವಳಿ ಪುಸ್ತಕದಲ್ಲಿ ದಾಖಲಾದ ನಿರ್ಣಯವನ್ನು ನಾವು ಅಳಿಸುವುದಿಲ್ಲ. ಬದಲಿಸಬೇಕಾದರೆ ಇನ್ನೊಂದು ನಿರ್ಣಯವನ್ನು ಬರೆಯುತ್ತೇವೆ, ಹಳೆಯದೂ ಪುಸ್ತಕದಲ್ಲಿ ಉಳಿಯುತ್ತದೆ. ಗಿಟ್‌ನಲ್ಲಿಯೂ ಪ್ರತಿ ಬದಲಾವಣೆ ಹೆಸರು, ದಿನಾಂಕ, ಕಾರಣಗಳೊಂದಿಗೆ ದಾಖಲಾಗುತ್ತದೆ. ಪುಟ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಒಬ್ಬ ಹುಡುಗಿ ಆರು ತಿಂಗಳಲ್ಲಿ ಎಷ್ಟು ಕಲಿತಳೆಂಬುದನ್ನು ಆ ದಾಖಲೆಯೇ ಹೇಳುತ್ತದೆ.

ಆದರೆ ಇದೇ ಗುಣದಲ್ಲಿ ಅಪಾಯವೂ ಅಡಗಿದೆ. ಬಯೋಡೇಟಾದಲ್ಲಿ ಆಧಾರ್ ಸಂಖ್ಯೆ, ಮನೆಯ ವಿಳಾಸ, ತಂದೆಯ ಮೊಬೈಲ್ ಸಂಖ್ಯೆ, ಸಹಿ ಎಲ್ಲವನ್ನೂ ತುಂಬುವುದು ನಮ್ಮಲ್ಲಿ ರೂಢಿ. ಅದನ್ನು ಹಾಗೆಯೇ ಸಾರ್ವಜನಿಕ ಕಡತಕೋಶಕ್ಕೆ ಸೇರಿಸಿ ಮರುದಿನ ಅಳಿಸಿದರೂ, ಹಿಂದಿನ ಆವೃತ್ತಿಯಲ್ಲಿ ಅದು ಉಳಿದೇ ಇರುತ್ತದೆ; ಬಲ್ಲವರು ತೆರೆದು ಓದಬಹುದು. ಇತಿಹಾಸವನ್ನೇ ತಿದ್ದಿ ತೆಗೆದರೂ, ಅಷ್ಟರಲ್ಲಿ ಯಾರಾದರೂ ಪ್ರತಿ ಮಾಡಿಕೊಂಡಿದ್ದರೆ ಅದನ್ನು ಹಿಂಪಡೆಯಲಾಗದು. ಒಂಟಿಯಾಗಿ ರಾತ್ರಿ ಪಾಳಿಯಿಂದ ಮರಳುವ ಹೆಣ್ಣುಮಗಳ ಮನೆಯ ವಿಳಾಸ ಅಪರಿಚಿತರ ಕೈಸೇರುವುದು ಸಣ್ಣ ಮಾತಲ್ಲ. ಆದ್ದರಿಂದ ಎಚ್ಚರಿಕೆ ಪ್ರಕಟಣೆಗೆ ಮೊದಲೇ ಇರಬೇಕು. ಹೆಸರು, ವಿದ್ಯೆ, ಮಾಡಿದ ಕೆಲಸ, ಇದಕ್ಕೆಂದೇ ತೆರೆದ ಒಂದು ಇ-ಮೇಲ್ ವಿಳಾಸ: ಇಷ್ಟೇ ಸಾಕು.

ಸದಸ್ಯರಲ್ಲಿ ನನ್ನ ಕೋರಿಕೆ ಮೂರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನಮ್ಮ ಇಲಾಖೆಯ ವ್ಯಾಪ್ತಿಗೆ ಬಂದವು. ಈಗ ಅವು ಅರಿವು ಕೇಂದ್ರಗಳೆನಿಸಿವೆ. ಕಂಪ್ಯೂಟರ್ ಮತ್ತು ಅಂತರ್ಜಾಲ ಇರುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ಸಂಜೆಗಳನ್ನು ಈ ಕಲಿಕೆಗೆ ಮೀಸಲಿಡುವ ನಿರ್ಣಯವನ್ನು ಕೈಗೊಳ್ಳಿರಿ. ಖಾತೆ ಮತ್ತು ಗುಪ್ತಪದ ಕಲಿಯುವವರ ಕೈಯಲ್ಲಿಯೇ ಇರಲಿ. ಪಂಚಾಯಿತಿ ಸಿಬ್ಬಂದಿಯ ಹೆಸರಿನಲ್ಲಿ ತೆರೆಯಬಾರದು, ಎದ್ದು ಹೋಗುವಾಗ ಲಾಗ್‌ಔಟ್ ಮಾಡುವುದನ್ನು ಮರೆಯಬಾರದು. ಮೂರನೆಯದಾಗಿ, ತಮ್ಮ ವಾರ್ಡಿನಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಒಬ್ಬರನ್ನಾದರೂ ಕಲಿಸಲು ಆಹ್ವಾನಿಸಿರಿ. ನಮ್ಮ ಊರುಗಳಲ್ಲಿ ಬಾಡಿಗೆಗಿರುವ ಅವರಲ್ಲಿ ಅನೇಕರಿಗೆ ಪಂಚಾಯಿತಿಯ ಪರಿಚಯವಿರುವುದು ತೆರಿಗೆ ಮತ್ತು ಕಸದ ಗಾಡಿಯ ಮೂಲಕವಷ್ಟೇ. ಕರೆದರೆ ಬರುವವರು ಅವರಲ್ಲಿ ಇದ್ದಾರೆ. ಕರೆಯುವ ಕೆಲಸ ನಮ್ಮದು.